ಮೀಟರಕ್ಕ ಮತ್ತು ಸ್ಟೂಲಿನ ಮಸೂದೆ

ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ಮೀಟರಕ್ಕ ಒಬ್ಬಳೇ ಬೆಂಚಿನ ಮೇಲೆ ಆರಾಮವಾಗಿ ಕೂತಿರುತ್ತಿದ್ದಳು. ಹೊಸದಾಗಿ ಬಂದಿದ್ದ ಪಾದ್ರಿ ಇದನ್ನು ಮೂರು ತಿಂಗಳು ನೋಡಿದರು. ಅವರಿನ್ನೂ ಹುಡುಗರು, ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದವರು. ಒಂದು ಭಾನುವಾರ ಬಾಗಿಲ ಬಳಿ ಅವಳನ್ನು ತಡೆದು ಕೇಳಿಯೇಬಿಟ್ಟರು.

"ಏನಕ್ಕಾ, ದೇವರ ಮೇಲೆ ಏನಾದ್ರೂ ಕೋಪಾನಾ?"

"ಅಯ್ಯೋ, ಇಲ್ಲ ಫಾದರ್."

"ಮತ್ತೆ ಎಲ್ರೂ ನಿಂತಾಗ ನೀವೊಬ್ರು ಕೂತೇ ಇರ್ತೀರಲ್ಲ?"

"ವಾರಕ್ಕೆ ಆರು ದಿನ ನಮ್ಮ ಯಜಮಾನ್ರ ಅಂಗಡೀಲಿ ನಿಂತಿರ್ತೀನಿ. ದೇವರು ಅವರಿಗಿಂತ ಒಳ್ಳೆಯವನಿರಬೇಕು, ಇಲ್ಲಿ ಕೂತ್ರೆ ಬೈಯಲ್ಲ ಅಂದ್ಕೊಂಡೆ."

ಪಾದ್ರಿಗೆ ನಗು ಬಂತು. ಆಮೇಲೆ ಅವಳ ಕಾಲಿನ ಕಡೆ ನೋಡಿದರು, ನಗು ನಿಂತಿತು. ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಹಿಮ್ಮಡಿಯಿಂದ ಮೇಲಕ್ಕೆ ನೀಲಿ ನರಗಳು ಹಗ್ಗದ ಹಾಗೆ ಉಬ್ಬಿದ್ದವು.

ಅವಳು ಕೆಲಸ ಮಾಡುತ್ತಿದ್ದದ್ದು ನಾಲ್ಕು ಮಹಡಿಯ ಬಟ್ಟೆ ಅಂಗಡಿಯಲ್ಲಿ. ಮೂರನೇ ಮಹಡಿ, ಪರದೆ ಮತ್ತು ಹಾಸಿಗೆ ಹೊದಿಕೆಗಳ ವಿಭಾಗ. ಹತ್ತೊಂಬತ್ತು ವರ್ಷದಿಂದ ಉಕ್ಕಿನ ಅಳತೆ ಕೋಲು ಹಿಡಿದು ಬಟ್ಟೆ ಅಳೆದು ಕತ್ತರಿಸಿ ಕೊಡುತ್ತಿದ್ದುದರಿಂದ ಊರಿಗೆಲ್ಲ ಮೀಟರಕ್ಕ ಆಗಿದ್ದಳು. ಗಂಡನೂ ಹಾಗೆಯೇ ಕರೆಯುತ್ತಿದ್ದ. ಅಂಗಡಿಯ ಗೋಡೆಯ ಮೇಲೆ ಒಂದು ಫಲಕವಿತ್ತು: ಕೆಲಸದ ವೇಳೆಯಲ್ಲಿ ಕೂರುವುದು, ಗೋಡೆಗೆ ಒರಗುವುದು, ಕೌಂಟರಿನ ಮೇಲೆ ಮೊಣಕೈ ಊರುವುದು ನಿಷಿದ್ಧ. ಗಿರಾಕಿ ಇರಲಿ, ಇಲ್ಲದಿರಲಿ, ಬೆಳಗ್ಗೆ ಒಂಬತ್ತೂವರೆಯಿಂದ ಅಂಗಡಿ ಮುಚ್ಚುವವರೆಗೆ ನಿಂತೇ ಇರಬೇಕು.

ಗಂಡ ಶಾಲಾ ವ್ಯಾನಿನ ಚಾಲಕ. ಅವನಿಗೆ ಕೂತೂ ಕೂತೂ ಸೊಂಟನೋವು, ಇವಳಿಗೆ ನಿಂತೂ ನಿಂತೂ ಕಾಲುನೋವು. ಸಂಜೆ ಇಬ್ಬರೂ ಮನೆಗೆ ಬಂದು ಉಸ್ಸಪ್ಪಾ ಅಂದರೆ ಅತ್ತೆ ನೋವಿನ ಎಣ್ಣೆಯ ಸೀಸೆ ತಂದು ನಡುವೆ ಇಡುತ್ತಿದ್ದರು. "ಒಬ್ಬ ಕೂತು ಕೆಟ್ಟ, ಒಬ್ಬಳು ನಿಂತು ಕೆಟ್ಟಳು. ನಿಮ್ಮಿಬ್ಬರನ್ನೂ ಹಿಟ್ಟಿನ ಹಾಗೆ ಕಲಸಿ ಎರಡು ಉಂಡೆ ಮಾಡಿದ್ರೆ ನನ್ನ ಎಣ್ಣೆ ಉಳೀತಿತ್ತು" ಅನ್ನುವುದು ಅವರ ದಿನನಿತ್ಯದ ಮಾತು.

ಸೋಮವಾರ ಪಾದ್ರಿ ಪರದೆ ಕೊಳ್ಳುವ ನೆಪ ಮಾಡಿಕೊಂಡು ಅಂಗಡಿಗೆ ಹೋದರು. ಗಿರಾಕಿಗಳಿಗೆ ಮೆತ್ತನೆಯ ಸ್ಟೂಲುಗಳಿದ್ದವು, ಅವರು ಕೂರಲಿಲ್ಲ. ಹನ್ನೊಂದರಿಂದ ಒಂದರವರೆಗೆ, ಆ ಬಣ್ಣ ಈ ಬಣ್ಣ ಅನ್ನುತ್ತ, ಕೆಲಸದವರ ಜೊತೆ ನಿಂತೇ ನೋಡಿದರು. ಕಂಬಳಿಗಳ ರಾಶಿಯ ಹಿಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಅರೆ ನಿಮಿಷ ಕೂರುತ್ತಿದ್ದಳು, ಇನ್ನೊಬ್ಬಳು ಕಾವಲು ನಿಲ್ಲುತ್ತಿದ್ದಳು. ಸೂಪರ್‌ವೈಸರ್ ಈ ಕಡೆ ತಿರುಗಿದರೆ ಕಾವಲಿನವಳು ಕೆಮ್ಮಬೇಕು, ಕೂತವಳು ಏಳಬೇಕು. ಇಡೀ ಮಹಡಿಗೇ ನೆಗಡಿಯಾದ ಹಾಗೆ ಕೆಮ್ಮು ಕೇಳಿಸುತ್ತಿತ್ತು. ಒಂದು ಗಂಟೆಗೆ ಪಾದ್ರಿಯ ಮೊಣಕಾಲು ನೋಯತೊಡಗಿದವು.

ಹೊರಗೆ ಬಂದರೆ ಅವರ ಸ್ಕೂಟರಿಗೆ ಅಡ್ಡವಾಗಿ ದೇವಸ್ಥಾನದ ಅರ್ಚಕರ ಕಾರು ನಿಂತಿತ್ತು. ಆ ಬೀದಿಯಲ್ಲಿ ಚರ್ಚು, ದೇವಸ್ಥಾನ, ಮಸೀದಿ ಮೂರೂ ನೂರು ಹೆಜ್ಜೆಯೊಳಗೆ ಇದ್ದವು. ಮೂರೂ ಕಡೆಯವರು ವರ್ಷಗಳಿಂದ ಮಾತಾಡಿದ್ದು ಒಂದೇ ವಿಷಯ: ಯಾರ ಗಾಡಿ ಎಲ್ಲಿ ನಿಲ್ಲಬೇಕು. ಅರ್ಚಕರು ಜಗಳಕ್ಕೆ ಸಿದ್ಧರಾಗಿಯೇ ಬಂದರು. ಗಾಡಿ ವಿಷಯ ಅಂದರೆ ತಮ್ಮದೂ ಒಂದು ಮಾತಿರಲಿ ಎಂದು ಮೌಲ್ವಿಯೂ ಬಂದರು.

"ಗಾಡಿ ಬಿಡಿ" ಎಂದರು ಪಾದ್ರಿ. "ಇವತ್ತು ಎರಡು ಗಂಟೆ ನಿಂತು ಬಂದೆ. ನನಗೆ ಗೋಡೆ ಕಂಡ್ರೆ ತಬ್ಕೊಳ್ಳೋಣ ಅನ್ನಿಸ್ತಿದೆ." ನೋಡಿದ್ದನ್ನೆಲ್ಲ ಹೇಳಿದರು.

ಮೌಲ್ವಿ ಗಡ್ಡ ನೀವಿಕೊಂಡರು. "ನನ್ನ ತಂಗಿ ಅದೇ ಅಂಗಡೀಲಿ ಮಕ್ಕಳ ಬಟ್ಟೆ ವಿಭಾಗದಲ್ಲಿದ್ದಾಳೆ. ಮನೆಗೆ ಬಂದ್ರೆ ಮಾತೇ ಆಡಲ್ಲ. ಗಂಡನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ. ಪಾಪ, ಭಾವನಿಗೆ ಸುಮ್ಮನೆ ಬುದ್ಧಿ ಹೇಳಿಬಿಟ್ಟಿದ್ದೀನಿ."

ಅರ್ಚಕರು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡರು. "ನಮ್ಮ ಮನೆಯವಳು ಮದುವೆಗೆ ಮುಂಚೆ ಅಲ್ಲೇ ಇದ್ದಳು. ಈಗಲೂ ಯಾರಾದ್ರೂ ಬಾಗಿಲು ತಟ್ಟಿದ್ರೆ ಊಟದ ನಡುವೆ ಸಟಕ್ಕನೆ ಎದ್ದು ನಿಂತುಬಿಡ್ತಾಳೆ."

ಮೂವರೂ ಸೇರಿ ಮೀಟರಕ್ಕನನ್ನು ಕರೆದುಕೊಂಡು ಆ ಕ್ಷೇತ್ರದ ಶಾಸಕಿಯ ಬಳಿ ಹೋದರು. ಆಕೆ ಮೊದಲು ನರ್ಸ್ ಆಗಿದ್ದವರು. ಕಾಲು ನೋಡಿದ ತಕ್ಷಣ ವಿಷಯ ಅರ್ಥವಾಯಿತು.

"ಯಜಮಾನ್ರನ್ನ ಬೇಡಿಕೊಂಡ್ರೆ ಒಂದು ಅಂಗಡಿಗೆ ಸ್ಟೂಲು ಬರುತ್ತೆ, ಅದೂ ಅವರ ಮನಸ್ಸು ಚೆನ್ನಾಗಿರೋವರೆಗೆ" ಎಂದರು ಆಕೆ. "ರಾಜ್ಯದ ಕಾನೂನು ಮಾಡಿಸಿದ್ರೆ ಎಲ್ಲ ಅಂಗಡಿಗೂ ಬರುತ್ತೆ. ಮಸೂದೆ ನಾನು ಬರೀತೀನಿ. ಆದ್ರೆ ಉಪಸಮಿತಿ ಮುಂದೆ ಬಂದು ಹೇಳೋರು ನೀವು. ತಲಾ ಮೂರು ನಿಮಿಷ. ಒಂದು ಸೆಕೆಂಡ್ ಜಾಸ್ತಿ ಆದ್ರೂ ಗಂಟೆ ಹೊಡೀತಾರೆ."

ಮೂರು ನಿಮಿಷ ಅಂದ ಕೂಡಲೇ ಮೂವರು ಧರ್ಮಗುರುಗಳ ಮುಖ ಸಣ್ಣಗಾಯಿತು.

ಮಸೀದಿಯ ಹಿಂದಿನ ಕೋಣೆಯಲ್ಲಿ ತಾಲೀಮು ಶುರುವಾಯಿತು. ಮೀಟರಕ್ಕ ಅಡುಗೆಮನೆಯ ಅಲಾರಂ ಗಡಿಯಾರ ತಂದು ಮೇಜಿನ ಮೇಲಿಟ್ಟಳು. ಅರ್ಚಕರು ಸೃಷ್ಟಿಯಿಂದ ಆರಂಭಿಸಿದರು; ಹನ್ನೊಂದು ನಿಮಿಷವಾದರೂ ಮನುಷ್ಯನಿಗೆ ಕಾಲು ಬಂದಿರಲಿಲ್ಲ. ಪಾದ್ರಿ ನಾಲ್ಕು ಸಲ "ಕೊನೆಯದಾಗಿ" ಅಂದರು, ಪ್ರತಿ ಸಲವೂ ಅಲ್ಲಿಂದ ಹೊಸದಾಗಿ ಶುರು ಮಾಡಿದರು. ಮೌಲ್ವಿಯ ದನಿ ಎಷ್ಟು ಇಂಪಾಗಿತ್ತೆಂದರೆ ಮೀಟರಕ್ಕ ಗಡಿಯಾರವನ್ನೇ ಮರೆತು ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತ ಕೂತಳು.

ಎರಡನೇ ವಾರ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೋಡಿ, ನಾನು ಬಟ್ಟೆ ಕತ್ತರಿಸೋಳು. ಮೂರು ಮೀಟರ್ ಕೇಳಿದೋರಿಗೆ ಮೂವತ್ತು ಮೀಟರ್ ಕೊಡೋಕೆ ಬರಲ್ಲ. ಕಾಗದ ಇಲ್ಲಿ ಕೊಡಿ." ಪೆನ್ಸಿಲ್ ತಗೊಂಡು ಮೂವರ ಭಾಷಣವನ್ನೂ ಕಚಕಚ ಕತ್ತರಿಸಿದಳು. ಅರ್ಚಕರು ತಮ್ಮ ಹಾಳೆ ನೋಡಿ, "ಅಕ್ಕಾ, ನನ್ನದರಲ್ಲಿ ದೇವರೂ ಹೋಗಿಬಿಟ್ಟನಲ್ಲ" ಎಂದರು. "ಒಂದು ಕಡೆ ಉಳಿಸಿದ್ದೀನಿ, ನಾಲ್ಕನೇ ಸಾಲು ನೋಡಿ" ಎಂದಳು.

ವಿಚಾರಣೆಗೆ ಹತ್ತು ದಿನ ಇದ್ದಾಗ ಸುದ್ದಿ ಅಂಗಡಿಯ ಯಜಮಾನರಿಗೆ ಮುಟ್ಟಿತು. ಸೂಪರ್‌ವೈಸರ್ ಬಂದು, ಅವಳ ಮುಖ ನೋಡದೆ, ಕೌಂಟರಿಗೆ ಹೇಳಿದ ಹಾಗೆ ಹೇಳಿದ: "ಆ ದಿನ ರಜೆ ಇಲ್ಲ. ಹೋದ್ರೆ ವಾಪಸ್ ಬರೋ ಶ್ರಮ ತಗೋಬೇಡಿ ಅಂದಿದ್ದಾರೆ."

ಮೀಟರಕ್ಕನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಒಂದು ಪರದೆಯನ್ನು ಸೊಟ್ಟ ಕತ್ತರಿಸಿದಳು. ಸಂಜೆ ಪಾದ್ರಿಯ ಮನೆಗೆ ಹೋಗಿ, "ನನ್ನ ಕೈಲಿ ಆಗಲ್ಲ ಫಾದರ್. ನಿಂತ್ಕೊಳ್ಳೋಕೆ ಕಷ್ಟ ನಿಜ, ಆದ್ರೆ ನಿಂತ್ಕೊಳ್ಳೋಕೆ ಜಾಗಾನೇ ಇಲ್ದಿದ್ರೆ?" ಎಂದಳು. ಪಾದ್ರಿ ಧೈರ್ಯ ಹೇಳಲಿಲ್ಲ. ನಾಲ್ಕು ದಿನ ಸುಮ್ಮನಿರಿ ಎಂದರು.

ಆ ಶುಕ್ರವಾರ ಮಸೀದಿಯಲ್ಲಿ ಮೌಲ್ವಿ ಒಂದು ಮಾತು ಹೇಳಿದರು. ಅದೇ ಮಾತನ್ನು ಅರ್ಚಕರು ದೇವಸ್ಥಾನಕ್ಕೆ ಬಂದವರಿಗೆಲ್ಲ ಹೇಳಿದರು, ಪಾದ್ರಿ ಮನೆಮನೆಗೆ ಹೋಗಿ ಹೇಳಿದರು. ಮಾತು ಇಷ್ಟೇ: ನಾಳೆ ಬಟ್ಟೆ ಕೊಳ್ಳೋಕೆ ಹೋಗಿ, ಆದ್ರೆ ತೋರಿಸೋರು ಮೊದಲು ಕೂರಲಿ.

ಶನಿವಾರ ಬಾಗಿಲು ತೆಗೆಯುವಷ್ಟರಲ್ಲಿ ಬೀದಿ ತುಂಬಿತ್ತು. ಯಜಮಾನರು ವ್ಯಾಪಾರ ಜೋರು ಎಂದು ಕೈ ಉಜ್ಜಿಕೊಂಡರು. ಜನ ಒಳಗೆ ಬಂದರು, ನಾಲ್ಕೂ ಮಹಡಿಗೆ ಹರಡಿಕೊಂಡರು, ಎಲ್ಲರದೂ ಒಂದೇ ರಾಗ: "ಮೊದಲು ನೀವು ಕೂತ್ಕೊಳ್ಳಿ ಅಮ್ಮಾ, ಆಮೇಲೆ ತೋರಿಸೀರಂತೆ." ಕೆಲಸದವರಿಗೆ ಸ್ಟೂಲು ಇಲ್ಲ ಅಂದರೆ, "ಪರವಾಗಿಲ್ಲ, ಬರೋವರೆಗೆ ಕಾಯ್ತೀವಿ" ಎಂದು ಕಾಯುತ್ತ ನಿಂತರು. ಸೂಪರ್‌ವೈಸರ್ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿ ಗಂಟಲು ಕಟ್ಟಿಸಿಕೊಂಡ.

ಮೂರನೇ ಮಹಡಿಗೆ ಅತ್ತೆ ಬಂದರು. ಸೊಸೆಯ ಗುರುತೇ ಇಲ್ಲದವರ ಹಾಗೆ ಕನ್ನಡಕ ಏರಿಸಿ ನೋಡಿ, "ಏನಮ್ಮಾ ಇದು, ನೀನು ನಿಂತಿರೋದು ನೋಡಿದ್ರೆ ನನಗೆ ತಲೆ ಸುತ್ತುತ್ತೆ" ಎಂದು ನಡುದಾರಿಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು. ಅವರನ್ನು ನೋಡಿ ಇನ್ನೂ ಹನ್ನೆರಡು ಜನ ಅಜ್ಜಿಯರು ಕೂತರು. ಮೀಟರಕ್ಕ ಪರದೆಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಬಗ್ಗಿದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಒಬ್ಬಾಕೆ ನೀರು ತಂದುಕೊಟ್ಟಳು.

ಮಧ್ಯಾಹ್ನ ಯಜಮಾನರೇ ಮೆಟ್ಟಿಲು ಹತ್ತಿ ಬಂದು, ಅಜ್ಜಿಯರನ್ನು ದಾಟಿಕೊಂಡು, ಅವಳ ಕೌಂಟರಿನ ಮುಂದೆ ನಿಂತರು. "ನೀವು ಹೋಗಿ ಬನ್ನಿ. ಎಲ್ಲಿ ಬೇಕೋ ಹೋಗಿ, ಏನು ಬೇಕೋ ಮಾತಾಡಿ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ದಯವಿಟ್ಟು ಇವರನ್ನೆಲ್ಲ ಎಬ್ಬಿಸಿ."

ವಿಚಾರಣೆಯ ದಿನ ಅತ್ತೆಯೂ ಸೇರಿ ಎಲ್ಲರೂ ಗಂಡನ ಶಾಲಾ ವ್ಯಾನಿನಲ್ಲೇ ರಾಜಧಾನಿಗೆ ಹೊರಟರು. ಸೀಟುಗಳು ಏಳು ವರ್ಷದ ಮಕ್ಕಳ ಅಳತೆಯವು. ಮೂವರು ಧರ್ಮಗುರುಗಳೂ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಸಾಲಾಗಿ ಕೂತಿದ್ದರು. ಗುಂಡಿ ಬಂದಾಗಲೆಲ್ಲ ಮೂರು ತಲೆಗಳು ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ಕೆಳಗೆ ಬರುತ್ತಿದ್ದವು. ಪಕ್ಕದಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ಕೈಬೀಸಿದರು. ಮೌಲ್ವಿ ಗಂಭೀರವಾಗಿ ಕೈಬೀಸಿದರು, ಅರ್ಚಕರಿಗೆ ನಗು ತಡೆಯಲಾರದೆ ಬಿಕ್ಕಳಿಕೆ ಹತ್ತಿತು, ಆ ಬಿಕ್ಕಳಿಕೆ ವಿಧಾನಸಭೆಯ ಗೇಟಿನವರೆಗೂ ಬಂತು.

ಉಪಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಒಂಬತ್ತು ಜನ ಶಾಸಕರು. ನಡುವೆ ಅಧ್ಯಕ್ಷರು, ನಿಯಮಾವಳಿಯ ಪುಸ್ತಕವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದ ವಯಸ್ಸಾದವರು. ಅವರ ಎಡಗಡೆ ಪೈಲ್ವಾನ್ ಶಾಸಕರು. ಹಿಂದೆ ಕುಸ್ತಿಯಲ್ಲಿ ಹೆಸರು ಮಾಡಿದವರು. ಈಗಲೂ ಅಂಗಿಯ ಗುಂಡಿಗಳು ಹೆದರಿಕೊಂಡೇ ಇರುವಂಥ ಎದೆ. ಮಸೂದೆ ಬೇಡ ಅನ್ನುವವರಲ್ಲಿ ಮೊದಲನೆಯವರು.

ಮೊದಲು ಮೀಟರಕ್ಕ. ಹಾಳೆ ನೋಡಿ ಎರಡು ಸಾಲು ಓದಿದಳು, ಅಷ್ಟರಲ್ಲಿ ಪೈಲ್ವಾನರು ಕೈ ಎತ್ತಿದರು.

"ತಾಯಿ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ನಿಂತು ಕೆಲಸ ಮಾಡೋದು ಆರೋಗ್ಯಕ್ಕೆ ಒಳ್ಳೇದು. ಕೂತವನು ಕೊಬ್ತಾನೆ. ನಾನು ದಿನವಿಡೀ ನಿಲ್ಲಬಲ್ಲೆ. ಇದಕ್ಕೆಲ್ಲ ಕಾನೂನು ಯಾಕೆ?"

ಮೀಟರಕ್ಕ ಹಾಳೆ ಮಡಿಚಿದಳು. "ಹಾಗಾದ್ರೆ ನಾವು ಮಾತಾಡಿ ಮುಗಿಸೋವರೆಗೆ ನಿಂತ್ಕೊಳ್ತೀರಾ ಸಾರ್? ನಮ್ಮ ಅಂಗಡಿ ನಿಯಮದ ಪ್ರಕಾರ."

"ಅದಕ್ಕೇನಂತೆ." ಪೈಲ್ವಾನರು ಎದ್ದರು, ಕುರ್ಚಿಯನ್ನು ಕಾಲಿಂದ ಹಿಂದೆ ತಳ್ಳಿದರು.

"ಗೋಡೆಗೆ ಒರಗಬಾರದು. ಮೇಜಿನ ಮೇಲೆ ಕೈ ಊರಬಾರದು. ಮುಖದಲ್ಲಿ ನಗು ಇರಬೇಕು ಸಾರ್."

ಕೋಣೆಯಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಪೈಲ್ವಾನರೂ ನಕ್ಕು ಎದೆ ಉಬ್ಬಿಸಿ ಅಧ್ಯಕ್ಷರ ಕಡೆ ತಿರುಗಿದರು. "ಮೂರು ನಿಮಿಷದ ನಿಯಮ ತೆಗೆದುಬಿಡಿ ಅಧ್ಯಕ್ಷರೇ. ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ಲಿ. ನಾನು ನಿಂತೇ ಕೇಳ್ತೀನಿ."

ಅಧ್ಯಕ್ಷರು ಪುಸ್ತಕದ ಪುಟ ತಿರುವಿದರು. ಯಾರೂ ಆಕ್ಷೇಪಿಸದಿದ್ದರೆ ಸಮಯದ ಮಿತಿ ಸಡಿಲಿಸಬಹುದು ಎಂದು ಅದರಲ್ಲಿತ್ತು. ಯಾರೂ ಆಕ್ಷೇಪಿಸಲಿಲ್ಲ. ಗಂಟೆಯನ್ನು ಮೇಜಿನ ಕೆಳಗೆ ಇಟ್ಟರು.

ಮೂವರು ಧರ್ಮಗುರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರು ವಾರ ಹಸಿದಿದ್ದವರ ಮುಂದೆ ಎಲೆ ಹಾಕಿ ಬಡಿಸಿದ ಹಾಗಿತ್ತು ಅವರ ಮುಖ. ಪೆನ್ಸಿಲ್ ಗೀಟುಗಳ ಹಾಳೆಗಳು ಮೂರೂ ಜೇಬಿಗೆ ಹೋದವು.

ಮೀಟರಕ್ಕ ತನ್ನದನ್ನು ಹತ್ತು ನಿಮಿಷದಲ್ಲಿ ಹೇಳಿದಳು: ಕೆಮ್ಮಿನ ಕಾವಲು, ಕಂಬಳಿಯ ರಾಶಿ, ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ನೀರೇ ಕುಡಿಯದ ಗೆಳತಿಯರು. ಆಮೇಲೆ ಅರ್ಚಕರು ಎದ್ದರು. ಸೃಷ್ಟಿಯಿಂದ ಆರಂಭಿಸಿದರು. ಈ ಸಲ ಯಾವುದನ್ನೂ ಬಿಡಲಿಲ್ಲ. ಭೂಮಿ ಬಂತು, ನೀರು ಬಂತು, ಮರಗಳು ಬಂದವು. ನಲವತ್ತನೇ ನಿಮಿಷಕ್ಕೆ ಮನುಷ್ಯ ಎರಡು ಕಾಲ ಮೇಲೆ ಎದ್ದ, ಐವತ್ತನೇ ನಿಮಿಷಕ್ಕೆ ಅವನಿಗೆ ಸುಸ್ತಾಯಿತು. ಪೈಲ್ವಾನರು ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿದರು.

ಮೌಲ್ವಿ ದುಡಿದು ಬಂದ ಮೈಗೆ ವಿಶ್ರಾಂತಿ ಎಷ್ಟು ಪವಿತ್ರ ಎಂದು ಹೇಳಿದರು. ಅವರ ದನಿಗೆ ಇಬ್ಬರು ಶಾಸಕರು ಕಣ್ಣು ಮುಚ್ಚಿದರು. ಪೈಲ್ವಾನರ ಕೈ ಮೆಲ್ಲಗೆ ಮೇಜಿನ ಅಂಚಿಗೆ ಬಂತು.

"ಸಾರ್, ಕೈ" ಎಂದಳು ಮೀಟರಕ್ಕ, ತುಂಬ ಮೆತ್ತಗೆ.

ಕೈ ಹಿಂದೆ ಹೋಯಿತು.

ಪಾದ್ರಿ ಎದ್ದಾಗ ಪೈಲ್ವಾನರ ಹಣೆಯಲ್ಲಿ ಬೆವರಿತ್ತು, ಮುಖದ ನಗು ಯಾರೋ ಅಂಟಿಸಿದ ಹಾಗೆ ಒಂದೇ ಕಡೆ ಉಳಿದಿತ್ತು. ಪಾದ್ರಿ "ಕೊನೆಯದಾಗಿ" ಎಂದರು. ಪೈಲ್ವಾನರ ಮುಖ ಅರಳಿತು. ಪಾದ್ರಿ ಮುಂದುವರಿಸಿದರು. ಎರಡನೇ "ಕೊನೆಯದಾಗಿ" ಬಂದಾಗ ಅಧ್ಯಕ್ಷರು ಪುಸ್ತಕದ ಹಿಂದೆ ಮುಖ ಅಡಗಿಸಿಕೊಂಡರು, ಪುಸ್ತಕ ಅಲುಗಾಡುತ್ತಿತ್ತು. ಮೂರನೆಯದು ಬಂದಾಗ ಶಾಸಕಿಗೆ ಕೆಮ್ಮು ಬಂತು. ಹಿಂದಿನ ಸಾಲಿನಲ್ಲಿ ಅತ್ತೆ ಮಗನ ತೋಳಿಗೆ ಹಣೆ ಒತ್ತಿ ಕಣ್ಣೀರು ಬರುವಷ್ಟು ಸದ್ದಿಲ್ಲದೆ ನಗುತ್ತಿದ್ದರು.

ಅಷ್ಟರಲ್ಲಿ ಪೈಲ್ವಾನರು ಮೀಟರಕ್ಕನ ಕಡೆ ತಿರುಗಿದರು. ಸೋತವರ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವರ ದನಿ. "ತಾಯಿ, ಎಷ್ಟು ಹೊತ್ತಾಯ್ತು?"

"ಎರಡು ಗಂಟೆ ನಲವತ್ತು ನಿಮಿಷ ಸಾರ್. ಅಂಗಡೀಲಾದ್ರೆ ಇನ್ನೂ ಊಟದ ಹೊತ್ತೂ ಆಗಿರಲ್ಲ."

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು: "ನಾನು ಕೂತ್ಕೋಬಹುದಾ?"

ಮೀಟರಕ್ಕ ಅವರ ಮುಖ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ಅವಳೇ ಕೇಳಿದ್ದಳು. ಬಸುರಿಯಾಗಿದ್ದಾಗ ಕೇಳಿದ್ದಳು, ಜ್ವರ ಬಂದಾಗ ಕೇಳಿದ್ದಳು. ಬೇರೆಯವರು ಅದನ್ನು ಕೇಳಿದಾಗ ಹೇಗೆ ಕಾಣುತ್ತಾರೆಂದು ನೋಡಿದ್ದು ಇದೇ ಮೊದಲು.

"ಕೂತ್ಕೊಳ್ಳಿ ಸಾರ್" ಎಂದಳು. "ಅದನ್ನ ಯಾರೂ ಯಾರನ್ನೂ ಕೇಳೋ ಹಾಗಾಗಬಾರದು. ನಮ್ಮ ಮಸೂದೇಲಿ ಇರೋದು ಅಷ್ಟೇ."

ಪೈಲ್ವಾನರು ಕೂತರು. ಕುರ್ಚಿ ಕಿರ್ರೆಂದಿತು. ಅವರ ಬಾಯಿಂದ "ಅಮ್ಮಾ" ಎಂಬ ಉದ್ದನೆಯ ನಿಟ್ಟುಸಿರು ಬಂತು, ಅದು ಇಡೀ ಕೋಣೆಗೆ ಕೇಳಿಸಿತು. ಇಷ್ಟು ಹೊತ್ತು ತಡೆದಿದ್ದ ನಗು ಆಗ ಒಡೆಯಿತು. ಅಧ್ಯಕ್ಷರು ನಕ್ಕರು, ಬರೆದುಕೊಳ್ಳುವ ಗುಮಾಸ್ತ ನಕ್ಕ, ಪೈಲ್ವಾನರೇ ತೊಡೆ ಒತ್ತಿಕೊಳ್ಳುತ್ತ ಎಲ್ಲರಿಗಿಂತ ಜೋರಾಗಿ ನಕ್ಕರು. ಪಾದ್ರಿ ಮಾತ್ರ ಬೇಸರದಲ್ಲಿ, "ನನ್ನದು ಇನ್ನೂ ಮುಗಿದಿಲ್ಲ" ಎಂದರು.

ಏಳಕ್ಕೆ ಎರಡು ಮತಗಳಲ್ಲಿ ಮಸೂದೆ ಉಪಸಮಿತಿ ದಾಟಿತು. ಪೈಲ್ವಾನರು ಪರವಾಗಿ ಕೈ ಎತ್ತಿದ್ದಷ್ಟೇ ಅಲ್ಲ, ಒಂದು ತಿದ್ದುಪಡಿಯನ್ನೂ ತಂದರು: ಕೊಡುವ ಆಸನಕ್ಕೆ ಬೆನ್ನಿಗೆ ಒರಗು ಇರಲೇಬೇಕು. ಐದು ವಾರದ ನಂತರ ಪೂರ್ಣ ಸಭೆಯಲ್ಲಿ ಅದು ಪಾಸಾದಾಗ ಪ್ರೇಕ್ಷಕರ ಗ್ಯಾಲರಿ ಕಿಕ್ಕಿರಿದಿತ್ತು. ಅಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಅರ್ಚಕರು ಮೌಲ್ವಿಯ ಕೈ ಹಿಡಿದು ಅದುಮಿದರು, ಮೌಲ್ವಿ ಪಾದ್ರಿಯ ಕೈ ಅದುಮಿದರು, ಹೀಗೆ ಅದುಮುತ್ತ ಅದುಮುತ್ತ ಸಾಲಿನ ಕೊನೆಯ ಅಜ್ಜಿಯವರೆಗೆ ಹೋಯಿತು. ಹೊರಗಿನ ಮೆಟ್ಟಿಲ ಮೇಲೆ ಬಂದ ಕೂಡಲೇ ಅತ್ತೆ ಮೀಟರಕ್ಕನ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟರು. "ಅತ್ತೆ, ಕಾಲು" ಎಂದಳು ಇವಳು. "ಸಹಿಸ್ಕೋ, ಇನ್ನೊಂದು ಸುತ್ತು" ಎಂದರು ಅವರು.

ಕಾನೂನು ಜಾರಿಗೆ ಬಂದ ದಿನ ಬೆಳಗ್ಗೆ ಒರಗಿನ ಸ್ಟೂಲುಗಳು ಅಂಗಡಿಗೆ ಬಂದವು. ಮೂರನೇ ಮಹಡಿಗೆ ಹದಿನಾಲ್ಕು. ಪ್ರತಿ ಕೌಂಟರಿನ ಹಿಂದೆ ಒಂದೊಂದು ಇಟ್ಟರು. ಯಾರೂ ಕೂರಲಿಲ್ಲ. ಹೊಸ ಮದುಮಕ್ಕಳ ಹಾಗೆ ಒಬ್ಬರನ್ನೊಬ್ಬರು ನೋಡುತ್ತ, ನೀನು ಕೂತ್ಕೋ, ನೀನು ಮೊದಲು ಎಂದು ಕಣ್ಣಲ್ಲೇ ತಳ್ಳಾಡಿದರು. ಮೀಟರಕ್ಕ ಕೂಡ ಸೀಟಿನ ಮೇಲೆ ಕೈ ಆಡಿಸಿ ನೋಡಿದಳು, ಕೂರಲು ಏನೋ ನಾಚಿಕೆ.

ಸೂಪರ್‌ವೈಸರ್ ಮಹಡಿಯ ನಡುವೆ ನಿಂತಿದ್ದ. ಹದಿನೇಳು ವರ್ಷ ಇವರನ್ನು ನಿಲ್ಲಿಸುವುದಕ್ಕಾಗಿ ಅವನೂ ನಿಂತಿದ್ದ. ಅದು ಯಾರಿಗೂ ಹೊಳೆದಿರಲಿಲ್ಲ, ಅವನಿಗೂ. ಅವನು ಆ ಕಡೆ ಈ ಕಡೆ ನೋಡಿ, ಮೂಲೆಯಲ್ಲಿ ಉಳಿದಿದ್ದ ಒಂದು ಸ್ಟೂಲನ್ನು ಎಳೆದುಕೊಂಡು ಕೂತ. ಕಣ್ಣು ಮುಚ್ಚಿದ. ಹಾಗೇ ಇದ್ದ. ಆಮೇಲೆ ಒಂದು ಕಾಲಿನ ಶೂ ಬಿಚ್ಚಿದ.

"ಸಾರ್" ಎಂದಳು ಮೀಟರಕ್ಕ, "ಮುಖದಲ್ಲಿ ನಗು ಬೇಕು."

ಅವನು ಕಣ್ಣು ಬಿಡದೆಯೇ ನಕ್ಕ. ಅದೇ ನೆಪವಾಗಿ ಹದಿಮೂರು ಹೆಂಗಸರೂ ದಬದಬನೆ ಕೂತರು, ಒಬ್ಬಳು ಸ್ಟೂಲಿನ ಜೊತೆ ಒಂದು ಸುತ್ತು ತಿರುಗಿಯೂ ಬಿಟ್ಟಳು. ಆಗ ಮೆಟ್ಟಿಲು ಹತ್ತಿ ಮೊದಲ ಗಿರಾಕಿ ಬಂದಳು. ಅಭ್ಯಾಸಬಲದಿಂದ ಎಲ್ಲರೂ ಥಟ್ಟನೆ ಎದ್ದು ನಿಂತರು. ಎದ್ದಿದ್ದು ಗೊತ್ತಾಗಿ ಮತ್ತೆ ಕೂತರು. ಕೂತು, ಏನು ಮಾಡಬೇಕೋ ತಿಳಿಯದೆ, ನಗತೊಡಗಿದರು. ಗಿರಾಕಿ ತನ್ನ ಬಟ್ಟೆಯಲ್ಲೇನಾದರೂ ಹರಿದಿದೆಯೇ ಎಂದು ಹಿಂದೆ ಮುಂದೆ ನೋಡಿಕೊಂಡಳು.

"ಬನ್ನಿ ಅಮ್ಮಾ, ಬನ್ನಿ, ನೀವಲ್ಲ, ನೀವಲ್ಲ" ಎಂದು ಮೀಟರಕ್ಕ ಕಣ್ಣೊರೆಸಿಕೊಂಡಳು. "ಏನು ತೋರಿಸ್ಲಿ?"

ಆಕೆಗೆ ಏಳು ಮೀಟರ್ ಪರದೆ ಬಟ್ಟೆ ಬೇಕಿತ್ತು. ಮೀಟರಕ್ಕ ಕೂತಲ್ಲೇ ಅಳೆದಳು, ನಗುವಿನಲ್ಲಿ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಅಳೆದಳು.